ಪರ-ವಿರೋಧ: ಬಾಸ್ ಹಿಡಿಯಲು ಲ್ಯೂರ್‌ನ ಬಣ್ಣ ಮುಖ್ಯವೇ?

ಪರ: ನೀರು ನೋಡಿ ಬಣ್ಣ ಕಟ್ಟಿ

ಲಾರ್ಜ್‌ಮೌತ್ ಬಾಸ್ ಕಣ್ಣನ್ನು ನಂಬಿ ಬೇಟೆಯಾಡುವ ಸಿಹಿನೀರಿನ ಮೀನು. ಅದನ್ನು ಹಿಡಿಯಲು ದಾರಕ್ಕೆ ಕಟ್ಟುವ ಕೃತಕ ಎರೆಯೇ ಲ್ಯೂರ್. ದೂರದ ಅಲುಗಾಟ ಅದನ್ನು ಎಚ್ಚರಿಸಬಹುದು. ಆದರೆ ಹಗಲಿನಲ್ಲಿ, ಕೊನೆಯ ಒಂದೆರಡು ಅಡಿಯಲ್ಲಿ, ಬಾಯಿ ಹಾಕುವುದೋ ತಿರುಗಿ ಹೋಗುವುದೋ ಎಂದು ನಿರ್ಧರಿಸುವುದು ಕಣ್ಣೇ.

ಆ ಕಣ್ಣು ಏನನ್ನು ಕಾಣುತ್ತದೆ ಎಂಬುದು ಊಹೆಯ ವಿಷಯವಲ್ಲ. ಬಾಸ್‌ನ ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಎರಡು ಬಗೆಯವು. ಒಂಟಿ ಶಂಕುಗಳು ಸುಮಾರು 535 ನ್ಯಾನೋಮೀಟರ್‌ನ ಹಸಿರಿಗೆ, ಜೋಡಿ ಶಂಕುಗಳು ಸುಮಾರು 614 ನ್ಯಾನೋಮೀಟರ್‌ನ ಕಿತ್ತಳೆಗೆಂಪಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ. ನಮಗಿರುವ ನೀಲಿ ಶಂಕು ಅದಕ್ಕಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಂಪು ಅಥವಾ ಹಸಿರು ಗುರಿಗೆ ಪಳಗಿಸಿದ ಬಾಸ್‌ಗಳು ಉಳಿದ ಬಣ್ಣಗಳನ್ನು ಬಿಟ್ಟು ತಮ್ಮ ಬಣ್ಣವನ್ನೇ ಚೆನ್ನಾಗಿ ಆರಿಸಿಕೊಂಡವು. ಅದೇ ರಾಜ್ಯದಲ್ಲಿ 1937ರಷ್ಟು ಹಿಂದೆಯೇ ಸಂಶೋಧಕ ಎಫ್. ಎ. ಬ್ರೌನ್ ಅವರು, ನಸುಹಳದಿ ಕನ್ನಡಕ ಹಾಕಿಕೊಂಡ ಮನುಷ್ಯನಿಗೆ ಲೋಕ ಹೇಗೆ ಕಾಣುತ್ತದೋ ಬಾಸ್‌ಗೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ ಎಂಬ ತೀರ್ಮಾನಕ್ಕೆ ಬಂದಿದ್ದರು. ಕೆಂಪನ್ನೂ ಹಸಿರನ್ನೂ ಇಷ್ಟು ಸ್ಪಷ್ಟವಾಗಿ ಬೇರ್ಪಡಿಸುವ ಮೀನಿನ ಮುಂದೆ ಕೈಗೆ ಸಿಕ್ಕಿದ ಬಣ್ಣ ಎಸೆಯುವುದು ಸರಿಯಲ್ಲ.

ಕಣ್ಣಿನಷ್ಟೇ ಮುಖ್ಯವಾದದ್ದು ನೀರು. ಬೆಳಕು ಮೇಲಿನಿಂದ ಲ್ಯೂರ್‌ಗೆ ಇಳಿಯುವಾಗಲೂ, ಲ್ಯೂರ್‌ನಿಂದ ಅಡ್ಡಲಾಗಿ ಮೀನಿನ ಕಣ್ಣಿಗೆ ಹೋಗುವಾಗಲೂ ನೀರು ಅದನ್ನು ಸೋಸುತ್ತದೆ. ತಿಳಿನೀರು ಮೊದಲು ನುಂಗುವುದು ಕೆಂಪನ್ನು. ಕೆಲವೇ ಮೀಟರ್ ಆಳದಲ್ಲಿ ಕೆಂಪು ಲ್ಯೂರ್ ಬೂದುಗಪ್ಪಾಗುತ್ತದೆ. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಇದು ತಿರುಗುಮುರುಗು: ಅಲ್ಲಿ ಮೊದಲು ಸಾಯುವುದು ನೀಲಿ. ಕಿತ್ತಳೆ ಕೆಂಪುಗಳು ಹೆಚ್ಚು ದೂರ ಬಾಳುತ್ತವೆ. ಪಾಚಿಗಟ್ಟಿದ ನೀರಿನಲ್ಲಿ ಹೆಚ್ಚು ಉಳಿಯುವುದು ಹಸಿರು ಹಳದಿ. ಹೀಗಾಗಿ ‘ಬಾಸ್‌ಗೆ ಯಾವ ಬಣ್ಣ ಒಳ್ಳೆಯದು’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ನೀರು, ಎಷ್ಟು ಆಳ ಎಂದು ಸೇರಿಸಿ ಕೇಳಿದರೆ ಉತ್ತರವಿದೆ.

ಮೊದಲ ಎಸೆತಕ್ಕೂ ಮುಂಚೆ ಒಂದು ಬಿಳಿ ಲ್ಯೂರ್ ಕಟ್ಟಿ ದೋಣಿಯ ನೆರಳಿನ ಬದಿಯಲ್ಲಿ ನೇರ ಕೆಳಗೆ ಬಿಡಿ. ಅದು ಕಣ್ಮರೆಯಾದ ಕಡೆ ದಾರವನ್ನು ಚಿವುಟಿ ಹಿಡಿದು, ಮೇಲೆಳೆದು ಅಳೆಯಿರಿ. ಒಂದೂವರೆ ಮೀಟರ್‌ಗಿಂತ ಕೆಳಗೂ ಕಾಣುತ್ತಿದ್ದರೆ ಗ್ರೀನ್ ಪಂಪ್ಕಿನ್, ವಾಟರ್‌ಮೆಲನ್‌ನಂಥ ಅರೆಪಾರದರ್ಶಕ ಹಸಿರು-ಕಂದುಗಳು. ಅರ್ಧ ಮೀಟರ್‌ನೊಳಗೆ ಮಾಯವಾದರೆ ಬೆಳಕು ತೂರದ ಗಟ್ಟಿ ಬಣ್ಣ: ತಲೆಯಲ್ಲಿ ಭಾರವಿದ್ದು ಎಳೆಗಳು ಜೋತಿರುವ ಜಿಗ್‌ಗೆ ಕಪ್ಪು, ತಿರುಗುವ ಲೋಹದ ಬ್ಲೇಡ್ ಇರುವ ಸ್ಪಿನ್ನರ್‌ಬೈಟ್‌ಗೆ ಶಾರ್ಟ್ರೂಸ್ ಎಂಬ ಹೊಳೆವ ಹಸಿರುಹಳದಿ. ನಡುವಿನ ನೀರಿನಲ್ಲಿ ಕಡುಹಸಿರು ಪ್ಲಾಸ್ಟಿಕ್ ಹುಳುವಿನ ಬಾಲದ ಎರಡು ಸೆಂಟಿಮೀಟರನ್ನು ಶಾರ್ಟ್ರೂಸ್ ಬಣ್ಣದಲ್ಲಿ ಅದ್ದಿದರೆ ಸಾಕು. ಪೂರ್ತಿ ಅದ್ದಿದರೆ ಗಾಢ ಮೈ, ಹೊಳೆವ ಬಾಲದ ವ್ಯತ್ಯಾಸವೇ ಹೋಗಿಬಿಡುತ್ತದೆ.

ಶಾರ್ಟ್ರೂಸ್‌ನ ಗುಟ್ಟು ಪ್ರತಿದೀಪ್ತಿ. ಆ ವರ್ಣಕ ನೀಲಿ ಮತ್ತು ನೇರಳಾತೀತ ಬೆಳಕನ್ನು ಹೀರಿಕೊಂಡು ಹಸಿರುಹಳದಿಯಾಗಿ ಹೊರಹಾಕುತ್ತದೆ. ಅಂದರೆ ಬಾಸ್‌ಗೆ ಸರಿಯಾಗಿ ಕಾಣದ ಬೆಳಕನ್ನು ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ. ಬರಿದೇ ನೇರಳಾತೀತವನ್ನು ಪ್ರತಿಫಲಿಸುವ ಲೇಪನ ಬೇರೆ ಮಾತು. ಅದನ್ನು ಕಾಣುವ ಶಂಕು ಬಾಸ್‌ಗೆ ಇಲ್ಲ, ಅದಕ್ಕೆ ಹಣ ಸುರಿಯಬೇಡಿ.

ಬಾಸ್‌ಗೆ ಆಹಾರವಾಗುವ ಜೀವಿಯ ಬಣ್ಣವನ್ನೂ ಗಮನಿಸಬೇಕು. ಕಲ್ಲಿನ ತಳದಲ್ಲಿ ಸಿಗಡಿಯಂಥ ಕ್ರೇಫಿಶ್ ಇದ್ದರೆ ಅದರ ಕಂದು, ಕೆಂಪು, ಕಿತ್ತಳೆ. ವಸಂತದ ಆರಂಭದಲ್ಲಿ ಒಂದೆರಡು ಮೀಟರ್ ನೀರಿನಲ್ಲಿ ಕೆಂಪು ಲಿಪ್‌ಲೆಸ್ ಕ್ರ್ಯಾಂಕ್‌ಬೈಟ್‌ಗೆ (ಮೂತಿಯಲ್ಲಿ ತುಟಿಯಂಥ ಪಟ್ಟಿಯಿಲ್ಲದ, ಎಳೆದಾಗ ಅಲುಗಾಡುವ ಗಟ್ಟಿ ಲ್ಯೂರ್) ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಆ ಆಳದಲ್ಲಿ ಕೆಂಪು ಇನ್ನೂ ಕೆಂಪಾಗಿಯೇ ಇರುತ್ತದೆ, ಬಾಸ್‌ನ ಕಣ್ಣು ಅದಕ್ಕೇ ಹೊಂದಿಕೊಂಡಿದೆ.

ಬಣ್ಣವನ್ನು ಪರೀಕ್ಷಿಸುವುದಾದರೆ ಬಣ್ಣವನ್ನಷ್ಟೇ ಬದಲಿಸಿ. ಅದೇ ತೂಕ, ಅದೇ ಗಾತ್ರ, ಅದೇ ದಾರ, ಅದೇ ಕೋನ. ಒಂದೊಂದು ಬಣ್ಣಕ್ಕೆ ಇಪ್ಪತ್ತು ಎಸೆತ, ಮತ್ತೆ ಮೊದಲನೆಯದಕ್ಕೆ ಹಿಂದಿರುಗಿ. ಮೆತ್ತನೆ ಪ್ಲಾಸ್ಟಿಕ್ ಹುಳುಗಳನ್ನು ಬಣ್ಣ ಬೆರೆಸಿ ಒಂದೇ ಚೀಲದಲ್ಲಿ ತುಂಬಬೇಡಿ. ಅವನ್ನು ಮೆತ್ತಗಿಡುವ ಎಣ್ಣೆಯೊಂದಿಗೆ ಬಣ್ಣವೂ ಒಂದರಿಂದೊಂದಕ್ಕೆ ಹರಿದು, ಕೆಲವೇ ದಿನಗಳಲ್ಲಿ ಬಿಳಿಯದು ಕೊಳಕು ಕಂದಾಗುತ್ತದೆ. ಗಟ್ಟಿ ಲ್ಯೂರ್‌ನ ಬಣ್ಣಕ್ಕೆ ತಾಗಿಸಿಟ್ಟರೆ ಆ ಬಣ್ಣವೂ ಕರಗುತ್ತದೆ.

ಬಣ್ಣ ಲೆಕ್ಕಕ್ಕೇ ಇಲ್ಲ ಎನ್ನುವವರು ಬಾಸ್ ಅನ್ನು ಕುರುಡು ಮೀನೆಂದು ತಿಳಿದಂತಿದೆ. ನೆರಳು, ಆಕಾರ, ಅಲುಗಾಟ ಎಂದು ಅವರು ಹೇಳುತ್ತಲೇ ಇರುತ್ತಾರೆ. ಬಣ್ಣ ಗ್ರಹಿಸಲೆಂದೇ ಎರಡು ಬಗೆಯ ಶಂಕುಕೋಶ ಬೆಳೆಸಿಕೊಂಡಿರುವ ಮೀನಿನ ಮುಂದೆ ಆ ಮಾತು ನಿಲ್ಲುವುದಿಲ್ಲ.

ವಿರೋಧ: ಮೊದಲು ಆಳ, ಆಮೇಲೆ ವೇಗ

ಬಾಸ್‌ಗೆ ಬಣ್ಣ ಕಾಣುವುದಿಲ್ಲ ಎಂದು ನಾನು ವಾದಿಸುವುದಿಲ್ಲ, ಕಾಣುತ್ತದೆ. ಬಣ್ಣಕ್ಕೆ ಅಷ್ಟು ಮೇಲಿನ ಸ್ಥಾನ ಕೊಡಬಾರದು ಎಂಬುದಷ್ಟೇ ನನ್ನ ಪಕ್ಷ.

ಮೇಲೆ ಹೇಳಿದ 2019ರ ಅಧ್ಯಯನದ ಉಳಿದರ್ಧವನ್ನೂ ಓದಬೇಕು. ಶಾರ್ಟ್ರೂಸ್‌ಗೆ ಪಳಗಿದ ಮೀನುಗಳು ಬಿಳಿಯನ್ನು ಅದೇ ಎಂದುಕೊಂಡವು. ನೀಲಿಗೆ ಪಳಗಿದವು ಕಪ್ಪಿಗೂ ನೀಲಿಗೂ ವ್ಯತ್ಯಾಸ ಹಿಡಿಯಲು ತಡವರಿಸಿದವು. ಹಾಗಾದರೆ ಕಪ್ಪು-ನೀಲಿ ಜಿಗ್‌ನಲ್ಲಿರುವ ನೀಲಿ ಎಳೆಗಳು ಯಾರ ಕಣ್ಣಿಗೆ? ಬಿಳಿ ಸ್ಪಿನ್ನರ್‌ಬೈಟ್ ಬಿಚ್ಚಿ ಶಾರ್ಟ್ರೂಸ್ ಕಟ್ಟುವುದರಿಂದ ಆಗುವ ಲಾಭ ಎಷ್ಟು? ಇನ್ನೊಂದು ಮಾತು: ಆಹಾರದ ಬಹುಮಾನ ಕೊಟ್ಟು ಪಳಗಿಸಿದಾಗ ತಿಳಿಯುವುದು ಮೀನಿಗೆ ಬಣ್ಣ ಗುರುತಿಸಲು ಬರುತ್ತದೆ ಎಂಬುದು ಮಾತ್ರ. ಕೆರೆಯಲ್ಲಿ ಅದು ಆ ಬಣ್ಣವನ್ನೇ ಬಯಸುತ್ತದೆ ಎಂದಾಗುವುದಿಲ್ಲ.

ಹೊತ್ತು ಮುಳುಗುವಾಗ ಬಣ್ಣದ ಪ್ರಶ್ನೆಯೇ ಕರಗುತ್ತದೆ. ಮೀನಿಗೆ ರೆಪ್ಪೆಯಿಲ್ಲ, ಪಾಪೆಯೂ ನಮ್ಮದರಂತೆ ಹಿಗ್ಗಿ ಕುಗ್ಗುವುದಿಲ್ಲ. ಬೆಳಕು ಇಳಿದಂತೆ ಅಕ್ಷಿಪಟಲದೊಳಗೆ ಶಂಕುಗಳು ಹಿಂದೆ ಸರಿದು, ಬಣ್ಣ ತಿಳಿಯದ ದಂಡಕೋಶಗಳು ಬೆಳಕಿನೆದುರು ಬರುತ್ತವೆ. ನೀರಿನ ಮೇಲೆ ಓಡಿಸುವ ಕಪ್ಪೆಲ್ಯೂರ್‌ನದೂ ಹೆಚ್ಚುಕಡಿಮೆ ಇದೇ ಕಥೆ. ಕೆಳಗಿನಿಂದ ನೋಡುವ ಮೀನಿಗೆ ಹೊರಗಿನ ಆಕಾಶವೆಲ್ಲ ಸುಮಾರು 97 ಡಿಗ್ರಿ ಅಗಲದ ಒಂದು ಬೆಳಕಿನ ಕಿಂಡಿಯಾಗಿ ಕಾಣುತ್ತದೆ. ಆ ಕಿಂಡಿಗೆ ಅಡ್ಡ ಬಂದ ಲ್ಯೂರ್ ಬಹುಪಾಲು ಒಂದು ಕಪ್ಪು ಆಕೃತಿ. ಬೆನ್ನಿನ ಮೇಲೆ ಬರೆದ ಚುಕ್ಕೆಗಳನ್ನು ನೋಡುವುದು ಕೊಂಡವರು ಮಾತ್ರ.

ಪರ ವಾದದವರು ಒಂದೇ ಮಾದರಿಯ ಮೂವತ್ತು ಬಣ್ಣ ಹೊತ್ತು ಹೋಗಿ, ಕಚ್ಚು ಸಿಗದಾಗಲೆಲ್ಲ ಗಂಟು ಬಿಚ್ಚಿ ಕಟ್ಟುತ್ತ ಕೂರುತ್ತಾರೆ. ಅಷ್ಟು ಹೊತ್ತು ಲ್ಯೂರ್ ನೀರಿನಲ್ಲೇ ಇರುವುದಿಲ್ಲ. ಇಪ್ಪತ್ತು ಎಸೆತದ ಪರೀಕ್ಷೆ ಕೂಡ ಕೇಳಲು ಚೆಂದ. ಆದರೆ ಆ ನಡುವೆ ಮೋಡ ಸರಿದಿರುತ್ತದೆ, ಗಾಳಿ ತಿರುಗಿರುತ್ತದೆ, ಅದೇ ಪೊದೆಯ ಮೀನು ಇಪ್ಪತ್ತು ಸಲ ಗಾಳ ನೋಡಿ ಎಚ್ಚೆತ್ತಿರುತ್ತದೆ. ಕೊನೆಗೆ ಕಚ್ಚಿದರೆ ಹೊಗಳಿಕೆ ಬಣ್ಣಕ್ಕೆ.

ಬದಲಿಸಲೇಬೇಕಾದರೆ ಮೊದಲು ಆಳ ಬದಲಿಸಿ. ಮೀನು ಮೂರು ಮೀಟರ್‌ನಲ್ಲಿ ಕಲ್ಲಿನ ಪಕ್ಕ ನಿಂತಿರುವಾಗ ಒಂದೂವರೆ ಮೀಟರ್‌ಗೆ ಇಳಿಯುವ ಕ್ರ್ಯಾಂಕ್‌ಬೈಟ್ ಯಾವ ಬಣ್ಣದ್ದಾದರೂ ವ್ಯರ್ಥ. ಆಳಕ್ಕಿಳಿಯುವ ಉದ್ದ ತುಟಿಯದನ್ನು ಕಟ್ಟಿ, ಇಲ್ಲವೇ ದಾರವನ್ನು ತೆಳುಗೊಳಿಸಿ. ನೀರಿನ ಎಳೆತ ತಗ್ಗಿ ಅದೇ ಲ್ಯೂರ್ ಇನ್ನಷ್ಟು ಕೆಳಗಿಳಿಯುತ್ತದೆ. ಎಸೆತವನ್ನೂ ಉದ್ದ ಮಾಡಿ, ಏಕೆಂದರೆ ಗಿಡ್ಡ ಎಸೆತದಲ್ಲಿ ಅದು ತನ್ನ ಪೂರ್ತಿ ಆಳ ಮುಟ್ಟುವ ಮೊದಲೇ ದೋಣಿಗೆ ಬಂದಿರುತ್ತದೆ. ಎರಡನೆಯದು ವೇಗ. ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಬಾಸ್ ಅಟ್ಟಿಕೊಂಡು ಬರುವುದು ಅಪರೂಪ, ಲ್ಯೂರ್ ಅನ್ನು ಅದರ ಮುಂದೆ ತಂದು ನಿಲ್ಲಿಸಬೇಕು. ಮೂರನೆಯದು ಅಲುಗಾಟ. ಬಗ್ಗಡ ನೀರಿನಲ್ಲಿ ಹತ್ತಿರದ ಕಂಪನವನ್ನು ಬಾಸ್ ತನ್ನ ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ಎಂಬ ಸಂವೇದನಾಂಗದಿಂದ ಹಿಡಿಯುತ್ತದೆ. ಅಲ್ಲಿ ಸ್ಪಿನ್ನರ್‌ಬೈಟ್‌ಗೆ ವಿಲೋ ಎಲೆಯಾಕಾರದ ಕಿರಿದಾದ ಬ್ಲೇಡ್ ಬದಲು ದುಂಡನೆಯ ಕೊಲೊರಾಡೊ ಬ್ಲೇಡ್ ಹಾಕಿದರೆ ಬಡಿತ ಜೋರಾಗುತ್ತದೆ.

ಇಷ್ಟೆಲ್ಲ ಸರಿಯಾದ ಮೇಲೆ ಬಣ್ಣ. ಅದಕ್ಕೆ ಒಂದು ಗಾಢ, ಒಂದು ತಿಳಿ, ಒಂದು ಹಸಿರುಗಂದು ಸಾಕು. ಕ್ರೇಫಿಶ್ ಇರುವಲ್ಲಿ ಕೆಂಪೊಂದನ್ನು ಸೇರಿಸಿಕೊಳ್ಳಿ, ಅದನ್ನು ನಾನು ಅಲ್ಲಗಳೆಯಲಾರೆ. ಉಳಿದ ಬಣ್ಣಗಳಿಗೆ ಮೀಸಲಿಟ್ಟ ಜಾಗದಲ್ಲಿ ಬೇರೆ ಬೇರೆ ತೂಕದ ಜಿಗ್‌ಗಳಿರಲಿ. 7 ಗ್ರಾಂ ಜಿಗ್ ತಳ ಮುಟ್ಟಿದ್ದು ಗಾಳಿಯಲ್ಲಿ ಕೈಗೆ ತಿಳಿಯದಿದ್ದರೆ ಅದೇ ಬಣ್ಣದಲ್ಲಿ 10 ಗ್ರಾಮಿನದನ್ನು ಕಟ್ಟಿ.