ಬಾಯಿ ತೆರೆದ ಸಿಮೆಂಟ್ ಮೀನು

ಹಾಸನದಲ್ಲಿ ನಮ್ಮ ಬಡಾವಣೆ ಪಕ್ಕದ ಕೆರೆ ಅಭಿವೃದ್ಧಿಯಾದ ಕಥೆ ನಿಮಗೂ ಗೊತ್ತಲ್ವಾ? ವಾಕಿಂಗ್ ಟ್ರ್ಯಾಕು, ಕಲ್ಲುಬೆಂಚು, ಬಣ್ಣದ ಲೈಟು. ಗೇಟಿನ ಹತ್ತಿರ ಬಾಯಿ ತೆರೆದು ನಿಂತ ಆಳೆತ್ತರದ ಸಿಮೆಂಟ್ ಮೀನು. ಮಕ್ಕಳು ಅದನ್ನು ಕಸದ ಬುಟ್ಟಿ ಅಂದುಕೊಂಡು ಚಿಪ್ಸ್ ಕವರ್ ತುರುಕುತ್ತಾರೆ. ಹೋದ ವಾರ ಕೆರೆಯ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಸಿಮೆಂಟಿನದು ಮಾತ್ರ ಗಟ್ಟಿಮುಟ್ಟಾಗಿದೆ.

ಎಂಥ ದೂರದೃಷ್ಟಿ! ಅದಕ್ಕೆ ನೀರು ಬೇಡ, ಗಾಳಿ ಬೇಡ. ಎಲೆಕ್ಷನ್ ಹತ್ತಿರ ಬಂದಾಗ ಒಂದು ಕೋಟ್ ಪೇಂಟ್ ಹೊಡೆದರೆ ಮತ್ತೊಂದು ಉದ್ಘಾಟನೆ.

ಅಮೆರಿಕದವರಿಗೆ ಇಷ್ಟು ಬುದ್ಧಿ ಇಲ್ಲ. ನೆವಾಡಾ ಮರುಭೂಮಿಯಲ್ಲಿ ಡೆವಿಲ್ಸ್ ಹೋಲ್ ಅಂತ ನೀರು ತುಂಬಿದ ಒಂದು ಬಂಡೆಗುಂಡಿ. ಅದರಲ್ಲಿ ಪಪ್‌ಫಿಶ್ ಅಂತ ಒಂದಿಂಚೂ ಇಲ್ಲದ ಮೀನು. ಆ ಜಾತಿಗೆ ಹುಟ್ಟೂರು ಅದೊಂದೇ. ನಮ್ಮಲ್ಲಾದರೆ ಎರೆಹುಳುವಿನ ಬದಲು ಗಾಳಕ್ಕೆ ಸಿಕ್ಕಿಸುತ್ತಿದ್ದರು. ಪಕ್ಕದ ಜಮೀನಿನವರು ಬೋರ್‌ವೆಲ್ ಓಡಿಸಿ ಗುಂಡಿಯ ನೀರು ಇಳಿಯಿತು ಅಂತ ಕೇಸು ಅಲ್ಲಿನ ಸುಪ್ರೀಂ ಕೋರ್ಟಿಗೇ ಹೋಯಿತು. 1976ರಲ್ಲಿ ಗೆದ್ದದ್ದು ಮೀನು! ವರ್ಷಕ್ಕೆರಡು ಸಲ ನೀರಿಗಿಳಿದು ತಲೆ ಎಣಿಸುತ್ತಾರೆ. 2013ರಲ್ಲಿ ಒಮ್ಮೆ ಸಿಕ್ಕದ್ದು ಬರೀ 35. ನಮ್ಮ ಮತದಾರರ ಪಟ್ಟಿಗೂ ಇಷ್ಟು ನಿಷ್ಠೆ ಇಲ್ಲ. 2016ರಲ್ಲಿ ಮೂವರು ಕುಡಿದು ಬೇಲಿ ಹತ್ತಿ ಒಳಗೆ ನುಗ್ಗಿದರು. ಒಂದು ಮೀನು ಸತ್ತಿತು. ನೀರಿಗಿಳಿದವನಿಗೆ, ಬಂದೂಕು ಇಟ್ಟುಕೊಂಡಿದ್ದ ಕೇಸೂ ಸೇರಿ, ಒಂದು ವರ್ಷ ಜೈಲು. ಆ ಕಾನೂನು ನಮ್ಮ ಕೆರೆ ಏರಿಗೆ ಬಂದರೆ ಶನಿವಾರ ರಾತ್ರಿಯ ಗಿರಾಕಿಗಳಿಗೆ ಹಾಸನದ ಜೈಲು ಸಾಲುತ್ತದಾ?

ಮೀನು ಕಾಯುವುದು ನಮಗೆ ಬರುವುದಿಲ್ಲ ಅಂತಲ್ಲ. ಶೃಂಗೇರಿಯ ತುಂಗೆಯಲ್ಲಿ, ನಮ್ಮ ರಾಮನಾಥಪುರದ ಕಾವೇರಿಯಲ್ಲಿ ನೋಡಿ. ಪುರಿ ತಿಂದು ತಿಂದು, ಹಬ್ಬಕ್ಕೆ ಬಂದ ಹೊಸ ಅಳಿಯನ ಹಾಗೆ ಕೊಬ್ಬಿವೆ. ಯಾರೂ ಗಾಳ ಹಾಕುವುದಿಲ್ಲ. ದೇವರ ಮೀನು! ನಮ್ಮ ಕೆರೆಯ ಮೀನುಗಳು ಹುಟ್ಟುವ ಮೊದಲು ದಡದಲ್ಲಿ ಗುಡಿ ಇದೆಯಾ ಅಂತ ವಿಚಾರಿಸಬೇಕಿತ್ತು.

ಸಾಕು, ನನಗೇ ನಗು ಬರುತ್ತಿಲ್ಲ. ಯುಜಿಡಿ, ಅಂದರೆ ಒಳಚರಂಡಿ ಪೈಪು ಕೆರೆಗೆ ಬಂದು ಸೇರಿ ಎಷ್ಟೋ ವರ್ಷವಾಯಿತು. ಕೊಳಚೆ ಕೊಳೆಯುತ್ತಾ ನೀರಿನ ಆಮ್ಲಜನಕ ತಿಂದುಹಾಕುತ್ತದೆ. ಬೆಳಗಿನ ಜಾವಕ್ಕೆ ಮೀನು ಉಸಿರುಕಟ್ಟಿ ಸಾಯುತ್ತವೆ. ಇದು ಹೈಸ್ಕೂಲ್ ಪಾಠ. ಬಣ್ಣದ ಲೈಟಿಗೆ ಮುಂಚೆ ಆ ಪೈಪು ತಿರುಗಿಸಿ ಅಂತ ಅರ್ಜಿ ಬರೆದು ಬರೆದು ಕೈ ಸೋತಿದೆ.

ಮೊನ್ನೆ ಅರ್ಜಿ ಕೊಟ್ಟ ಆಫೀಸಿಗೆ ಮತ್ತೆ ಹೋಗಿ ಕೇಳಿದೆ.

"ವಾಸನೆ ತಾನೇ ಸಾರ್? ಬ್ಲೀಚಿಂಗ್ ಪೌಡರ್ ಹಾಕಿಸಿದ್ದೀವಿ."

"ಎಲ್ಲಿಗೆ?"

"ಕೆರೆಗೇ."