ಇಂಚಿನಲ್ಲಿ ಎಷ್ಟಾಗುತ್ತದೆ, ಮೇಷ್ಟ್ರೇ?

ಮಡಿಕೇರಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವ ನಾನು, ಕಳೆದ ಮಳೆಗಾಲಕ್ಕೆ ಮುಂಚೆ ಸೋಮವಾರಪೇಟೆ ಕಡೆಯ ಒಂದು ಊರಿನಲ್ಲಿ ಕಾಫಿ ಬೆಳೆಗಾರರೊಂದಿಗೆ ಮಳೆಯ ಅಂಕಿಅಂಶಗಳ ಬಗ್ಗೆ ಮಾತನಾಡಲು ಹೋಗಿದ್ದೆ. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.5 ಮುಟ್ಟಿದರೆ ಅದಕ್ಕೂ ಮೇಲಿನ ವರ್ಗ ಎಂದು ಹವಾಮಾನ ಇಲಾಖೆಯ ವಿಂಗಡಣೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೈ ಎತ್ತಿ, “ಇಂಚಿನಲ್ಲಿ ಎಷ್ಟಾಗುತ್ತದೆ, ಮೇಷ್ಟ್ರೇ?” ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ (ಇಂಚಿನ ನೂರರಲ್ಲೊಂದು ಭಾಗವೇ ಸೆಂಟ್) ಅಳೆದು, ದಿನವೂ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದಿದೆ. ಕಾಫಿ ಹೂವನ್ನು ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಂತು, ಆಮೇಲಿನ ಮಳೆ ಎಷ್ಟು ದಿನ ಬಿಟ್ಟು ಬಂತು ಎಂಬುದರ ಮೇಲೆ ಆ ವರ್ಷದ ಫಸಲನ್ನೇ ಅಂದಾಜು ಮಾಡುವವರು ಇವರು. ಐವತ್ತು ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಓಟಿ, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ, 26 ಕೆ.ಜಿ. ಬಂದರೆ ಕೈಗೆ ಎಷ್ಟು, 28 ಬಂದರೆ ಎಷ್ಟು ಎಂದು ಕಾಗದ ಪೆನ್ನಿಲ್ಲದೆ ಲೆಕ್ಕ ಹಾಕುತ್ತಾರೆ. ಇಂಥವರ ಎದುರು ನಿಂತು, ‘ಜನಸಾಮಾನ್ಯರಿಗೆ ಗಣಿತ ಅರ್ಥವಾಗುವುದಿಲ್ಲ’ ಎಂದು ನಾವು ಹೇಳಿಕೊಂಡು ಬಂದಿರುವುದು ದೊಡ್ಡ ಅನ್ಯಾಯ ಎಂದು ನನ್ನ ಅನಿಸಿಕೆ. ಅವರಿಗೆ ಲೆಕ್ಕ ಬರುತ್ತದೆ. ನಮ್ಮ ಲೆಕ್ಕವನ್ನು ಅವರ ಅಳತೆಗೆ ತರುವುದು ನಮಗೆ ಬರುತ್ತಿಲ್ಲ.

ಅಂದು ಪರದೆಯನ್ನು ಆರಿಸಿ ಕಪ್ಪುಹಲಗೆಗೆ ಬಂದೆ. 64.5 ಮಿಲಿಮೀಟರ್ ಎಂದರೆ ಸುಮಾರು ಎರಡೂವರೆ ಇಂಚು, 115.6 ಎಂದರೆ ನಾಲ್ಕೂವರೆ, 204.5 ಎಂದರೆ ಎಂಟು. ಅಷ್ಟು ಬರೆದ ಕೂಡಲೇ ಸಭೆಯಲ್ಲಿ ಮಾತು ಶುರುವಾಯಿತು. ಯಾವ ವರ್ಷ ಯಾವ ದಿನ ಎಂಟು ದಾಟಿತ್ತು ಎಂದು ಪಕ್ಕಪಕ್ಕದಲ್ಲಿ ಕುಳಿತವರೇ ನೆನಪಿಸಿಕೊಳ್ಳತೊಡಗಿದರು. ಆಮೇಲೆ ಇನ್ನೊಂದು ಲೆಕ್ಕವನ್ನು ಎಲ್ಲರೂ ಕೂಡಿ ಮಾಡಿದೆವು. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು. ಎಂಟು ಇಂಚಾದರೆ, ಹತ್ತು ಸಾವಿರ ಲೀಟರಿನ ಟ್ಯಾಂಕರ್‌ಗಳು ಎಂಬತ್ತಕ್ಕೂ ಹೆಚ್ಚು ಬಂದು ಒಂದೇ ದಿನದಲ್ಲಿ ಒಂದೇ ಎಕರೆಗೆ ಸುರಿದ ಹಾಗೆ. ಇಳಿಜಾರಿನಲ್ಲಿ ಮನೆ ಕಟ್ಟಲೆಂದು ಮಣ್ಣು ಕಡಿದಿರುವ ಜಾಗದ ಮೇಲೆ ಅಷ್ಟು ಭಾರ ಬಿದ್ದರೆ ಏನಾಗಬಹುದೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜಾರಿದ್ದನ್ನು ಕಂಡವರು ಆ ಸಭೆಯಲ್ಲೇ ಇದ್ದರು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸಿರುವುದು ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತು. ಒಮ್ಮೆ ಬಂದು ಹೋಯಿತು, ಇನ್ನು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಎಂದು ಕೇಳಿದವರು ನೆಮ್ಮದಿಯಿಂದಿರುತ್ತಾರೆ. ಮುಂದಿನ ವರ್ಷವೇ ಮತ್ತೆ ಬೆಟ್ಟ ಜಾರಿದಾಗ, ತಜ್ಞರು ಸುಳ್ಳು ಹೇಳಿದರೆಂದು ತಿಳಿಯುತ್ತಾರೆ; ಹಾಗೆ ತಿಳಿಯುವುದರಲ್ಲಿ ಅವರ ತಪ್ಪೇನೂ ಇಲ್ಲ. ಆ ಮಾತಿನ ಅರ್ಥ, ಪ್ರತಿ ವರ್ಷವೂ ಅಂಥ ಮಳೆಗೆ ನೂರರಲ್ಲಿ ಒಂದು ಸಾಧ್ಯತೆ ಇದೆ ಎಂದಷ್ಟೆ. ಇದನ್ನು ನಾನು ಈಗ ಒಂದು ಬುಟ್ಟಿಯಿಂದ ತೋರಿಸುತ್ತೇನೆ. 99 ಕರಿಮೆಣಸಿನ ಕಾಳು, ಒಂದು ಕಾಫಿ ಬೀಜ. ಕಣ್ಣು ಮುಚ್ಚಿ ಒಂದನ್ನು ಎತ್ತಿ ನೋಡಿ ಮತ್ತೆ ಬುಟ್ಟಿಗೇ ಹಾಕಬೇಕು. ಅದು ಒಂದು ವರ್ಷ. ಹೋದ ವರ್ಷ ಕಾಫಿ ಬೀಜ ಸಿಕ್ಕಿತ್ತೆಂಬುದು ಬುಟ್ಟಿಗೆ ನೆನಪಿರುವುದಿಲ್ಲ. ಹೀಗೆ ಮೂವತ್ತು ಸಲ ಎತ್ತುವವರು ನೂರು ಜನರಿದ್ದರೆ, ಅವರಲ್ಲಿ ಸುಮಾರು 26 ಜನರಿಗೆ ಒಮ್ಮೆಯಾದರೂ ಕಾಫಿ ಬೀಜ ಸಿಗುತ್ತದೆ. ಮೂವತ್ತು ವರ್ಷ ಬಾಳಲೆಂದು ಮನೆ ಕಟ್ಟುವವರಿಗೆ ಬೇಕಾದದ್ದು ಈ 26. ಹವಾಮಾನವೇ ಬದಲಾಗುತ್ತಿದ್ದರೆ ಬುಟ್ಟಿಯಲ್ಲಿನ ಕಾಫಿ ಬೀಜಗಳ ಸಂಖ್ಯೆಯೂ ಬದಲಾಗಬಹುದು ಎಂಬುದನ್ನು ಜೊತೆಗೇ ಹೇಳಿಬಿಡಬೇಕು. ಅನಿಶ್ಚಿತತೆಯನ್ನು ಬಚ್ಚಿಟ್ಟರೆ ಜನ ನಂಬುತ್ತಾರೆಂಬ ಎಣಿಕೆ ಮೊದಲ ತಪ್ಪು ಮುನ್ಸೂಚನೆಯವರೆಗೆ ಮಾತ್ರ ನಡೆಯುತ್ತದೆ.

ಪ್ರಶ್ನೆ ಕೇಳಿದ ಆ ಹಿರಿಯರ ಮನೆಗೆ ಆಮೇಲೆ ಹೋಗಿದ್ದೆ. ಅವರು ತಮ್ಮ ಮಳೆ ಪುಸ್ತಕ ಕೊಟ್ಟರು. ರಟ್ಟಿಗೆ ಬಟ್ಟೆ ಅಂಟಿಸಿದ ಉದ್ದನೆಯ ಪುಸ್ತಕ, ತಂದೆಯ ಅಕ್ಷರ ನಿಂತಲ್ಲಿ ಮಗನ ಅಕ್ಷರ ಶುರು. ಒಂದು ಜುಲೈ ತಿಂಗಳ ಪುಟವನ್ನು ಕಂಪ್ಯೂಟರಿಗೆ ಹಾಕಿ, ಕಂಬಗಳ ನಕ್ಷೆ ಮಾಡಿ, ಅತಿ ಎತ್ತರದ ಕಂಬವನ್ನು ಕೆಂಪಾಗಿಸಿ ಅವರಿಗೆ ಒಯ್ದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಕಂಬದ ಹಿಂದಿನ, ನಾನು ಸೊನ್ನೆ ಎಂದು ತುಂಬಿದ್ದ ಖಾಲಿ ದಿನದ ಮೇಲೆ ಬೆರಳಿಟ್ಟರು.

“ಆ ದಿನ ಮಳೆ ಇರಲಿಲ್ಲವೆಂದಲ್ಲ, ಮೇಷ್ಟ್ರೇ. ಮನೆಯಲ್ಲಿ ಸಾವಾಗಿತ್ತು, ಅಳೆಯಲು ಯಾರೂ ಹೋಗಲಿಲ್ಲ. ಮರುದಿನ ಬರೆದದ್ದು ಎರಡೂ ದಿನಗಳ ನೀರು.”