ಬಾಲ್ಕನಿಗೆ ಹೋಗಿ ಸಿಗರೇಟು ಸೇದಿದರೆ ಮಗುವಿಗೆ ಏನೂ ಆಗಲ್ವಾ?

“ಅಕ್ಕ, ನಾನು ಮನೆಯೊಳಗೆ ಸೇದೋದೇ ಇಲ್ಲ. ಬಾಲ್ಕನಿಗೆ ಹೋಗ್ತೀನಿ.”

ತಮ್ಮ ಹೀಗೆ ಹೇಳುವಾಗ ಅವನ ಹನ್ನೊಂದು ತಿಂಗಳ ಮಗಳು ನೆಬುಲೈಸರ್ ಮಾಸ್ಕ್ ಕಿತ್ತೆಸೆಯಲು ನೋಡುತ್ತಾ ಅಳುತ್ತಿದ್ದಳು. ಎರಡು ತಿಂಗಳಲ್ಲಿ ಮೂರನೇ ಸಲ ಉಬ್ಬಸ. ಉಸಿರೆಳೆದಾಗಲೆಲ್ಲ ಪಕ್ಕೆ ಗುಳಿ ಬೀಳುತ್ತಿತ್ತು, ಎದೆಯೊಳಗೆ ಸುಂಯ್ ಅನ್ನುವ ಸದ್ದು.

ಅವನು ಸುಳ್ಳು ಹೇಳಿರಲಿಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಬಾಗಿಲು ಎಳೆದುಕೊಂಡೇ ಸೇದುತ್ತಾನೆ. ಆದರೆ ಹೊಗೆ ಬಾಗಿಲ ಸಂದಿಯಲ್ಲಿ, ಕಿಟಕಿಯಲ್ಲಿ ಒಳಗೆ ಬರುತ್ತದೆ. ಅವನ ಶರ್ಟು, ಕೂದಲು, ಬೆರಳಿಗೆ ಅಂಟಿಕೊಂಡೂ ಬರುತ್ತದೆ. ಸೇದಿ ಮುಗಿಸಿದ ಮೇಲೂ ಸ್ವಲ್ಪ ಹೊತ್ತು ಅವನ ಉಸಿರಲ್ಲೇ ಇರುತ್ತದೆ. ಒಳಗೆ ಬಂದವನೇ ಮಗಳನ್ನು ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅವಳ ಮೂಗು ಅದೇ ಶರ್ಟಿಗೆ ಒತ್ತಿರುತ್ತದೆ, ಅಲ್ವಾ?

ನಾವು ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಎಳೆಕೂಸು 30ರಿಂದ 60 ಸಲ. ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಹೊಗೆ ಕುಡಿಯುವುದು ಅದೇ. ಅದರ ಉಸಿರಿನ ನಳಿಕೆ ಎಷ್ಟು ಸಣ್ಣದೆಂದರೆ ಒಳಗಡೆ ಸ್ವಲ್ಪ ಊದಿಕೊಂಡರೂ ದಾರಿ ಕಟ್ಟಿಕೊಳ್ಳುತ್ತದೆ. ಕಫವನ್ನು ಮೇಲಕ್ಕೆ ತಳ್ಳಲು ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಹೊಗೆಗೆ ಅವು ಸೋಲುತ್ತವೆ. ಕಫ ಅಲ್ಲೇ ನಿಂತು ಸೋಂಕು ಹಿಡಿಯುತ್ತದೆ. ಬ್ರಾಂಕೈಟಿಸ್, ನ್ಯುಮೋನಿಯಾ, ಮತ್ತೆ ಮತ್ತೆ ಕಿವಿನೋವು, ಹೀಗೆ ಒಂದರ ಹಿಂದೆ ಒಂದು. ಹುಟ್ಟಿದ ಮೇಲೂ ವರ್ಷಗಟ್ಟಲೆ ಬೆಳೆಯಬೇಕಾದ ಶ್ವಾಸಕೋಶ ಅದು.

ಇಷ್ಟು ಸೇದಿದರೆ ಪಕ್ಕದವರಿಗೆ ತೊಂದರೆಯಿಲ್ಲ ಅನ್ನುವ ಅಳತೆಯೇ ಇಲ್ಲ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ, 2006ರ ವರದಿಯಲ್ಲೇ ಇದನ್ನು ಹೇಳಿದ್ದಾರೆ. ಕಿಟಕಿ ತೆರೆದರೂ ಫ್ಯಾನ್ ಹಾಕಿದರೂ ಹೊಗೆ ಪೂರ್ತಿ ಹೋಗುವುದಿಲ್ಲ.

“ನಾನೊಬ್ಬ ಬಿಟ್ಟರೆ ಅವಳಿಗೆ ಕಡಿಮೆ ಆಗುತ್ತಾ?” ಅಂತ ತಮ್ಮ ಕೇಳಿದ. ಸ್ಕಾಟ್ಲೆಂಡ್ ವಿಷಯ ಹೇಳಿದೆ. ಅಲ್ಲಿ 2006ರಲ್ಲಿ ಜನ ಸೇರುವ ಕಟ್ಟಡಗಳ ಒಳಗೆ ಸೇದುವುದನ್ನು ನಿಷೇಧಿಸಿದರು. ಅಲ್ಲಿಯವರೆಗೆ ಏರುತ್ತಲೇ ಇದ್ದ, ಅಸ್ತಮಾದಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಆಮೇಲೆ ವರ್ಷಕ್ಕೆ ಸುಮಾರು ಶೇಕಡಾ 18ರಷ್ಟು ಇಳಿಯಿತು. ಮನೆಯೊಳಗೇ ಹೊಗೆ ಇಲ್ಲದಂತಾದರೆ ಇನ್ನೆಷ್ಟು ಒಳ್ಳೆಯದು, ನೀನೇ ಯೋಚಿಸು ಅಂದೆ.

ಮನೆಗೆ ಬಂದವರು ಸಿಗರೇಟು ಹಚ್ಚಿದರೆ ಬೇಡ ಅನ್ನಲು ಎಷ್ಟೋ ತಾಯಂದಿರಿಗೆ ಸಂಕೋಚ. ದಯವಿಟ್ಟು ಹೇಳಿ. ಬೇಜಾರಾದರೆ ಆಗಲಿ.

ತಮ್ಮ ಇನ್ನೂ ಪೂರ್ತಿ ಬಿಟ್ಟಿಲ್ಲ. ನಿಕೋಟಿನ್ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದನ್ನು ಬಿಡಿಸುವ ಚೂಯಿಂಗ್ ಗಮ್ ಬಗ್ಗೆ ಡಾಕ್ಟರ ಹತ್ತಿರ ಕೇಳಿಕೊಂಡು ಬಂದಿದ್ದಾನೆ. ಸೇದಲು ಈಗ ಬೀದಿಗೆ ಇಳಿಯುತ್ತಾನೆ. ಬಂದು ಕೈಮುಖ ತೊಳೆದು, ಶರ್ಟು ಬದಲಿಸಿಯೇ ಮಗಳನ್ನು ಮುಟ್ಟುತ್ತಾನೆ. ಇದು ಸಾಲದು ಅಂತ ಅವನಿಗೂ ಗೊತ್ತು. ಮೊನ್ನೆ ರಾತ್ರಿ ನೋಡಿದೆ, ಮಲಗಿದ್ದ ಮಗಳ ಎದೆಗೆ ಕಿವಿಯಿಟ್ಟು ಸುಮ್ನೆ ಕೇಳುತ್ತಾ ಕೂತಿದ್ದ.